ಬಾಯ್ಲರಿನಲ್ಲಿ ಒತ್ತಡ ಏರುತ್ತಿಲ್ಲ, ಸೌದೆ ಮಾತ್ರ ಉರಿದು ಹೋಗುತ್ತಿದೆ: ಕಾರಣ ಬಲ್ಲವರು ತಿಳಿಸಿ

ಶಿಡ್ಲಘಟ್ಟ ರೀಲರ್
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಲ್ಲಿ ಮಲ್ಟಿ-ಎಂಡ್ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಮೊದಲೆಲ್ಲ ಬೆಳಿಗ್ಗೆ ಬೆಂಕಿ ಹಾಕಿದರೆ ಗಂಟೆಯೊಳಗೆ (ಚದರ ಸೆಂ.ಮೀ.ಗೆ) ನಾಲ್ಕು ಕೆ.ಜಿ. ಒತ್ತಡ ಬಂದುಬಿಡುತ್ತಿತ್ತು. ಈಗ ಎರಡು ಗಂಟೆ ಕಳೆದರೂ ಮುಳ್ಳು ಮೂರರ ಆಸುಪಾಸಿನಲ್ಲೇ ಇರುತ್ತದೆ, ಗೂಡು ಬೇಯಿಸುವ ತೊಟ್ಟಿಗೆ ಹಬೆ ಬಿಟ್ಟ ಕೂಡಲೇ ಎರಡಕ್ಕೆ ಇಳಿಯುತ್ತದೆ. ಗೂಡು ಅರೆಬೆಂದು ಎಳೆ ಪದೇ ಪದೇ ಕಡಿಯುತ್ತಿದೆ, ಸೌದೆಯ ಖರ್ಚು ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಿದೆ. ಟ್ಯೂಬುಗಳಿಗೆ ಬ್ರಷ್ ಹಾಕಿ ಮಸಿ ತೆಗೆಸಿದ್ದಾಗಿದೆ, ಪ್ರಯೋಜನವಾಗಲಿಲ್ಲ. ಬಾಯ್ಲರ್ ಕೊಟ್ಟವರನ್ನು ಕೇಳಿದರೆ ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ಹೊಸದನ್ನು ಕೊಳ್ಳುವ ಹಣವಿದ್ದಿದ್ದರೆ ಇಲ್ಲಿ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ದಯವಿಟ್ಟು ಬೇಗ ತಿಳಿಸಿ.

ಮಾಲೂರು ಫೈರ್‌ಮನ್
ಇದು ಹಸಿ ಸೌದೆಯ ಕಾಯಿಲೆ, ಬೇರೇನೂ ಅಲ್ಲ. ಪೂರ್ತಿ ಒಣಗಿದ ಕಟ್ಟಿಗೆಯಲ್ಲಿ ಕೆ.ಜಿ.ಗೆ ಸುಮಾರು 4,500 ಕಿಲೋಕ್ಯಾಲರಿ ಶಾಖವಿರುತ್ತದೆ. ನೂರಕ್ಕೆ 20ರಷ್ಟು ನೀರಿರುವ ಸೌದೆಯಲ್ಲಿ ಅದು 3,600ಕ್ಕೆ ಇಳಿಯುತ್ತದೆ, 40ರಷ್ಟು ನೀರಿದ್ದರೆ 2,700ಕ್ಕೆ. ಆ ನೀರನ್ನು ಆವಿ ಮಾಡಿ ಚಿಮಣಿಯಿಂದ ಹೊರಗೆ ಕಳಿಸುವ ಖರ್ಚು ಬೇರೆ. ನೀವು ಹೇಳುವ ಮೂರನೆಯ ಒಂದು ಪಾಲು ಇಲ್ಲಿಗೇ ಸರಿಹೋಯಿತು. ಕಡಿದ ಕೂಡಲೇ ಲಾರಿಗೆ ತುಂಬಿ ತರುವ ನೀಲಗಿರಿಯನ್ನು ಬಿಟ್ಟು, ಶ್ರೀನಿವಾಸಪುರದ ಕಡೆಯ ಒಣಗಿದ ಮಾವಿನ ಕಟ್ಟಿಗೆಯನ್ನು ತರಿಸಿ ಸೀಳಿಸಿ, ಷೆಡ್ಡಿನಲ್ಲಿ ಒಟ್ಟಿ, ಆಮೇಲೆ ಮಾತನಾಡಿ.

ವಸಂತನರಸಾಪುರ ಮೇಂಟೆನೆನ್ಸ್
ಬಾಯ್ಲರಿನ ಸಾಮರ್ಥ್ಯವೆಷ್ಟು, ಟ್ಯೂಬಿನೊಳಗೆ ಹೊಗೆ ಹೋಗುತ್ತದೆಯೋ ನೀರೋ, ಚಿಮಣಿಯ ಬುಡದಲ್ಲಿ ಹೊಗೆಯ ಉಷ್ಣಾಂಶ ಎಷ್ಟು, ನೀರು ಎಲ್ಲಿಯದು, ಅದರ ಗಡಸುತನ ತೆಗೆಯುವ ಸಾಫ್ಟ್‌ನರ್ ಇದೆಯೋ ಇಲ್ಲವೋ ಎಂಬುದನ್ನು ಹೇಳದೆ ಕೇಳಿದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಮುಖ್ಯ ಹಬೆ ವಾಲ್ವನ್ನು ಪೂರ್ತಿ ಮುಚ್ಚಿ ಬೆಂಕಿ ಹಾಕಿ, ನೀರಿನ ಗಾಜಿನ ಮೇಲೂ ಒತ್ತಡದ ಮೇಲೂ ಕಣ್ಣಿಟ್ಟು, ನಾಲ್ಕಕ್ಕೆ ಏರಲು ಎಷ್ಟು ಹೊತ್ತು ಬೇಕೆಂದು ನೋಡಿ. ಆಗಲೂ ತಡವಾದರೆ ದೋಷ ಬಾಯ್ಲರಿನಲ್ಲಿದೆ, ಬೇಗ ಏರಿದರೆ ಹಬೆಯ ಲೈನಿನಲ್ಲಿದೆ.

ಶಿಡ್ಲಘಟ್ಟ ರೀಲರ್
ಎಲ್ಲರ ಬಳಿ ಇರುವಂಥ ಮಾಮೂಲಿ ಬಾಯ್ಲರೇ, ಗಂಟೆಗೆ 300 ಕೆ.ಜಿ. ಹಬೆ ಕೊಡುವಂಥದು. ಟ್ಯೂಬಿನೊಳಗೆ ಹೋಗುವುದು ಹೊಗೆ. ನೀರು ಬೋರ್‌ವೆಲ್ಲಿನದು, ಸಾಫ್ಟ್‌ನರ್ ಇದೆ, ಅದು ಮತ್ತೆ ಕೆಲಸ ಮಾಡಲೆಂದು ಪ್ರತಿ ಭಾನುವಾರ ತಪ್ಪದೆ ಉಪ್ಪು ಹಾಕುತ್ತೇವೆ. ಸೌದೆ ಒಣಗಿದ ಹುಣಸೆ, ಹಸಿಯಲ್ಲ. ಚಿಮಣಿಯಲ್ಲಿ ಥರ್ಮಾಮೀಟರ್ ಇಲ್ಲ, ಬಂದೂಕಿನಂಥ ಇನ್‌ಫ್ರಾರೆಡ್ ಮೀಟರಿನಲ್ಲಿ ನೋಡಿದರೆ 180 ತೋರಿಸಿತು.

ಮಾಲೂರು ಫೈರ್‌ಮನ್
ಒಣಗಿದೆ ಎಂದು ಎಲ್ಲರೂ ಹೇಳುತ್ತಾರೆ. ತುದಿ ಸೀಳಿದ ಕಟ್ಟಿಗೆಯನ್ನು ತೂಗಿ, ಬಾಯ್ಲರಿನ ತಲೆಯ ಮೇಲೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮತ್ತೆ ತೂಗಿ ನೋಡಿ. ಹೊಗೆ ಬೆಳ್ಳಗಿದೆಯೋ ಕಪ್ಪಗಿದೆಯೋ ಅದನ್ನೂ ಹೇಳಲಿಲ್ಲ.

ತಿಪಟೂರು ಕೊಬ್ಬರಿ
ನಮ್ಮ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಸೌದೆಯ ಗೊಡವೆಯೇ ಇಲ್ಲ, ತೆಂಗಿನ ಚಿಪ್ಪೇ ಇಂಧನ. ಹೊಗೆಯ ದಾರಿಯಲ್ಲಿ ಅದರ ಬಿಸಿಯಿಂದಲೇ ಬಾಯ್ಲರಿನ ನೀರು ಕಾಯಿಸುವ ಎಕನಾಮೈಸರ್ ಇದೆ, ಅದರಾಚೆ ಬೆಂಕಿಯ ಗಾಳಿ ಕಾಯಿಸುವ ಏರ್ ಪ್ರಿಹೀಟರ್ ಇದೆ, ಡ್ರೈಯರುಗಳಿಂದ ಇಳಿಯುವ ಕಂಡೆನ್ಸೇಟ್ (ಹಬೆ ತಣಿದು ಆದ ನೀರು) ಪೂರ್ತಿಯಾಗಿ ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ಮರಳುತ್ತದೆ. ನಮ್ಮ ಫೀಡ್ ನೀರು 85 ಡಿಗ್ರಿಗಿಂತ ಕೆಳಗೆ ಇಳಿದದ್ದೇ ಇಲ್ಲ. ನೀವೂ ಒಂದು ಎಕನಾಮೈಸರ್ ಕೂಡಿಸಿದರೆ ಎಲ್ಲ ಸರಿಹೋಗುತ್ತದೆ.

ವಸಂತನರಸಾಪುರ ಮೇಂಟೆನೆನ್ಸ್
ಗಂಟೆಗೆ 300 ಕೆ.ಜಿ.ಯ ಸೌದೆ ಬಾಯ್ಲರಿಗೆ ಎಕನಾಮೈಸರ್ ಕೂಡಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಬೆಂಕಿ ಮಂದವಾದಾಗ ಸೌದೆಯ ಡಾಂಬರು ಅದರ ತಣ್ಣನೆಯ ಕೊಳವೆಗಳ ಮೇಲೆ ಕುಳಿತು ಹೊಗೆಯ ದಾರಿಯನ್ನೇ ಕಟ್ಟುತ್ತದೆ. ಇನ್ನು ಆ ಇನ್‌ಫ್ರಾರೆಡ್ ಮೀಟರ್ ತೋರಿಸುವುದು ಚಿಮಣಿಯ ತಗಡಿನ ಮೈಬಿಸಿಯನ್ನೇ ಹೊರತು ಒಳಗಿನ ಹೊಗೆಯ ಬಿಸಿಯನ್ನಲ್ಲ. ಟ್ಯೂಬುಗಳನ್ನು ದಾಟಿ ಹೊಗೆ ಹೊರಬೀಳುವ ಜಾಗದ ಹತ್ತಿರ ಸಣ್ಣ ರಂಧ್ರ ಕೊರೆದು, ಉದ್ದ ಕಡ್ಡಿಯ ಡಯಲ್ ಥರ್ಮಾಮೀಟರಿನ ತುದಿ ಕೊಳವೆಯ ನಡುಮಧ್ಯಕ್ಕೆ ಬರುವಂತೆ ತೂರಿಸಿ ನೋಡಿ. ನಾಲ್ಕು ಕೆ.ಜಿ. ಒತ್ತಡದಲ್ಲಿ ನಿಮ್ಮ ಹಬೆಯ ಬಿಸಿ 152 ಡಿಗ್ರಿಯಷ್ಟು. ಶುಚಿಯಾದ ಬಾಯ್ಲರಿನಲ್ಲಿ ಹೊಗೆ ಅದಕ್ಕಿಂತ 60-70 ಡಿಗ್ರಿ ಹೆಚ್ಚಿರಬಹುದು, ಅದಕ್ಕಿಂತ ಬಹಳ ಮೇಲಿದ್ದರೆ ಶಾಖ ನೀರಿಗೆ ಇಳಿಯುತ್ತಿಲ್ಲವೆಂದೇ ಅರ್ಥ.

ತಿಪಟೂರು ಕೊಬ್ಬರಿ
ನಮ್ಮ ಎಕನಾಮೈಸರಿನಲ್ಲಿ ಈವರೆಗೆ ಡಾಂಬರು ಕುಳಿತಿಲ್ಲ. ಇಟ್ಟುಕೊಳ್ಳುವ ರೀತಿ ತಿಳಿದಿರಬೇಕು, ಅಷ್ಟೆ.

ಮಾಲೂರು ಫೈರ್‌ಮನ್
ಚಿಪ್ಪಿಗೂ ಸೌದೆಗೂ ವ್ಯತ್ಯಾಸ ಗೊತ್ತಿಲ್ಲದವರು ಸಲಹೆ ಕೊಡದಿದ್ದರೆ ಒಳ್ಳೆಯದು. ರೀಲರ್ ಅವರೇ, ಕಟ್ಟಿಗೆ ತೂಗಿದಿರಾ?

ಶಿಡ್ಲಘಟ್ಟ ರೀಲರ್
ಉತ್ತರ ತಡವಾಯಿತು, ಹೊಸ ಬೋರ್‌ವೆಲ್ಲಿನ ಮೋಟಾರು ಮತ್ತೆ ಕೈಕೊಟ್ಟು ಅದರ ಹಿಂದೆ ಓಡಾಡುತ್ತಿದ್ದೆ. ವಾಲ್ವ್ ಮುಚ್ಚಿ ನೋಡಿದೆವು, ಆಗಲೂ ನಾಲ್ಕಕ್ಕೆ ಏರಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ಡಯಲ್ ಥರ್ಮಾಮೀಟರ್ ಹಾಕಿಸಿದೆವು, ಮಧ್ಯಾಹ್ನದ ಹೊತ್ತಿಗೆ 320 ತೋರಿಸುತ್ತಿತ್ತು. ಕಟ್ಟಿಗೆ ರಾತ್ರಿಯಲ್ಲಿ ತೂಕ ಕಳೆದುಕೊಂಡದ್ದು ನೂರಕ್ಕೆ 14ರಷ್ಟು. ಹೊಗೆ ಬೆಂಕಿಗೆ ಸೌದೆ ಹಾಕಿದಾಗ ಕಪ್ಪು, ಆಮೇಲೆ ಕಾಣುವುದೇ ಇಲ್ಲ.

ಕೋಲಾರ ವಾಟರ್ ಲ್ಯಾಬ್
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹೊಸ ಬೋರ್‌ವೆಲ್ ಎಂದಿರಲ್ಲ, ಅದು ಯಾವಾಗಿನಿಂದ? ಬಾಯ್ಲರಿಗೂ ಅದೇ ನೀರೇ? ಅದರ ಗಡಸುತನ ಎಷ್ಟು?

ಶಿಡ್ಲಘಟ್ಟ ರೀಲರ್
ಹಳೆಯದು ಬೇಸಿಗೆಯಲ್ಲಿ ಬತ್ತಿತು, ಅಂದಿನಿಂದ ಎಲ್ಲಕ್ಕೂ ಹೊಸದರ ನೀರೇ. ಪರೀಕ್ಷೆಯ ಚೀಟಿಯಲ್ಲಿ ಹಳೆಯದಕ್ಕೆ 300, ಹೊಸದಕ್ಕೆ 900 ಎಂದು ಬರೆದಿದೆ. ಆದರೆ ಸಾಫ್ಟ್‌ನರ್ ಇರುವಾಗ ಅದರ ಮಾತೇಕೆ?

ಕೋಲಾರ ವಾಟರ್ ಲ್ಯಾಬ್
ಅದರ ಮಾತೇ ಮುಖ್ಯ. ಸಾಫ್ಟ್‌ನರಿನೊಳಗಿನ ರೆಸಿನ್ ಹರಳು ಇಂತಿಷ್ಟು ಗ್ರಾಂ ಸುಣ್ಣದ ಅಂಶವನ್ನು ಹಿಡಿಯುತ್ತದೆ, ಅದು ತುಂಬಿದ ಮೇಲೆ ಬಂದ ನೀರು ಬಂದಂತೆಯೇ ಹೊರಗೆ ಹೋಗುತ್ತದೆ. ಲೀಟರಿಗೆ 300 ಮಿಲಿಗ್ರಾಂ ಇರುವ ನೀರಿನಲ್ಲಿ 15,000 ಲೀಟರ್ ಕೊಡುವ ಸಾಫ್ಟ್‌ನರ್, 900 ಇರುವ ನೀರಿನಲ್ಲಿ ಕೊಡುವುದು 5,000 ಲೀಟರ್ ಮಾತ್ರ. ನಿಮ್ಮ ಬಾಯ್ಲರ್ ದಿನಕ್ಕೆ 2,000 ಲೀಟರ್ ಕುಡಿಯುತ್ತದೆಂದು ಇಟ್ಟುಕೊಳ್ಳಿ. ಭಾನುವಾರ ಉಪ್ಪು ಹಾಕಿದರೆ ಬುಧವಾರ ಮಧ್ಯಾಹ್ನಕ್ಕೆ ರೆಸಿನ್ನಿನ ಶಕ್ತಿ ಮುಗಿಯುತ್ತದೆ. ಅಲ್ಲಿಂದ ಶನಿವಾರದವರೆಗೆ 7,000 ಲೀಟರ್ ಗಡಸು ನೀರು ನೇರವಾಗಿ ಒಳಗೆ ಹೋದಂತೆ, ಅದರ ಜೊತೆಗೆ ಆರು ಕೆ.ಜಿ.ಗೂ ಮೀರಿದ ಸುಣ್ಣದ ಅಂಶ. ಅದರಲ್ಲಿ ಒಂದಿಷ್ಟು ಬ್ಲೋಡೌನಿನಲ್ಲಿ (ಬಾಯ್ಲರಿನ ತಳದ ನೀರನ್ನು ಹೊರಬಿಡುವಾಗ) ಹೋದರೂ ಉಳಿದದ್ದು ಟ್ಯೂಬುಗಳ ಮೇಲೆಯೇ ಕುಳಿತುಕೊಳ್ಳುತ್ತದೆ. ಉಪ್ಪು ಹಾಕುವ ಲೆಕ್ಕ ವಾರದ್ದಲ್ಲ, ಲೀಟರಿನದು.

ನಾಳೆ ಬೆಳಿಗ್ಗೆ ಸಾಫ್ಟ್‌ನರಿನಿಂದ ಬರುವ ನೀರಿಗೆ ಗಡಸುತನದ ಕಿಟ್ಟಿನ ಬಫರನ್ನೂ ಬಣ್ಣವನ್ನೂ ಹಾಕಿ ನೋಡಿ. ನೀಲಿ ಬಂದರೆ ಸರಿ, ದ್ರಾಕ್ಷಾರಸದ ಕೆಂಪು ಬಂದರೆ ನೀರು ಇನ್ನೂ ಗಡಸು. ಇನ್ನೊಂದು ಮಾತು: ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆಯೇ ಹೊರತು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಇಳಿಸುವುದಿಲ್ಲ. ಇಂಥ ಬಾಯ್ಲರಿನೊಳಗೆ ಆ ಮೊತ್ತ, ಅಂದರೆ ಟಿ.ಡಿ.ಎಸ್., ಲೀಟರಿಗೆ 3,500 ಮಿಲಿಗ್ರಾಂ ಮೀರಬಾರದು, ಆದ್ದರಿಂದ ಸಾಫ್ಟ್‌ನರ್ ಇದೆಯೆಂದು ಬ್ಲೋಡೌನ್ ಬಿಡುವಂತಿಲ್ಲ.

ಚಿಂತಾಮಣಿ ವೆಲ್ಡರ್
ಕಿಟ್ಟು ಯಾಕೆ, ಎರಡು ಕ್ಯಾನ್ ಆ್ಯಸಿಡ್ ತಂದು ಒಳಗೆ ಸುರಿದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಟ್ಯೂಬು ಹೊಳೆಯುತ್ತದೆ. ಎಲ್ಲಾದರೂ ತೂತು ಬಿದ್ದರೆ ಬೆಸುಗೆ ಹಾಕಿಕೊಡುತ್ತೇನೆ.

ವಸಂತನರಸಾಪುರ ಮೇಂಟೆನೆನ್ಸ್
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಉಕ್ಕನ್ನು ಕಾಯುವ ಇನ್‌ಹಿಬಿಟರ್ ಬೆರೆಸದ ಆ್ಯಸಿಡ್ ಸುಣ್ಣದ ಪದರವನ್ನು ತಿಂದ ಮೇಲೆ ಉಕ್ಕನ್ನು ತಿನ್ನತೊಡಗುತ್ತದೆ, ಆಗ ಹೊರಡುವ ಹೈಡ್ರೋಜನ್ನಿನ ಬಳಿ ಯಾರಾದರೂ ಬೀಡಿ ಹಚ್ಚಿದರೆ ಸಿಡಿಯುತ್ತದೆ. ಆ್ಯಸಿಡ್ಡಿನ ಸಾಂದ್ರತೆಯನ್ನು ಅಳೆಯುತ್ತಾ, ವೆಂಟ್ ತೆರೆದಿಟ್ಟು, ಪಂಪಿನಿಂದ ಸುತ್ತಾಡಿಸಿ, ಕೊನೆಗೆ ಸೋಡಾದಿಂದ ತಟಸ್ಥಗೊಳಿಸಿ ತೊಳೆಯುವುದು ಅನುಭವವಿರುವವರ ಕೆಲಸ. ಸಿಲಿಕಾ ಬೆರೆತ ಪದರವಾದರೆ ಅದು ಈ ಆ್ಯಸಿಡ್ಡಿಗೆ ಕರಗುವುದೂ ಇಲ್ಲ. ಬೆಸುಗೆಯ ವಿಷಯವೂ ಅಷ್ಟೆ. 1923ರ ಕಾಯ್ದೆ ಹೋಗಿ 2025ರ ಬಾಯ್ಲರ್ ಕಾಯ್ದೆ ಬಂದಿದ್ದರೂ, ಒತ್ತಡ ಹೊರುವ ಭಾಗಕ್ಕೆ ಪ್ರಮಾಣಪತ್ರವಿಲ್ಲದವರು ಬೆಸುಗೆ ಹಾಕುವಂತಿಲ್ಲ ಎಂಬುದು ಬದಲಾಗಿಲ್ಲ.

ಚಿಂತಾಮಣಿ ವೆಲ್ಡರ್
ಪುಸ್ತಕ ಓದಿದವರಿಗೆ ಎಲ್ಲವೂ ಅಪಾಯವೇ.

ಶಿಡ್ಲಘಟ್ಟ ರೀಲರ್
ಶುಕ್ರವಾರ ತೆಗೆದ ನೀರು ಕೆಂಪಾಯಿತು. ಬಾಯ್ಲರ್ ತಣ್ಣಗಾದ ಮೇಲೆ ಕೈಕಿಂಡಿ ತೆರೆಸಿದೆ. ಬೆಂಕಿಯ ಕಡೆಯ ಟ್ಯೂಬುಗಳ ಮೇಲೆ ಬೂದುಬಿಳಿ ಹಕ್ಕಳೆ ಎರಡು ಮಿಲಿಮೀಟರಿನಷ್ಟು ದಪ್ಪ ಕಟ್ಟಿತ್ತು, ಸ್ಕ್ರೂಡ್ರೈವರಿನ ತುದಿಯಿಂದ ಮೀಟಿದರೆ ಅಂಗುಲದಗಲದ ಚೂರುಗಳಾಗಿ ಬಿಟ್ಟುಕೊಳ್ಳುತ್ತಿತ್ತು. ತಳದಲ್ಲಿ ಅದೇ ಚೂರುಗಳು ಬಿದ್ದು ಬ್ಲೋಡೌನಿನ ಬಾಯಿ ಅರ್ಧ ಮುಚ್ಚಿಹೋಗಿತ್ತು. ಬೆಂಗಳೂರಿನಿಂದ ಜನ ಬಂದು ಕ್ರಮವಾಗಿ ತೊಳೆದುಕೊಟ್ಟರು. ಈಗ ಒತ್ತಡ ಗಂಟೆಯ ಹೊತ್ತಿಗೆ ನಾಲ್ಕಕ್ಕೆ ಬರುತ್ತಿದೆ, ಹೊಗೆ 235ರಲ್ಲಿದೆ. ಎರಡು ದಿನಕ್ಕೊಮ್ಮೆ ಉಪ್ಪು ಹಾಕಿಸುತ್ತಿದ್ದೇನೆ. ಆದರೆ ಹೆಚ್ಚಾಗಿದ್ದ ಸೌದೆಯ ಖರ್ಚಿನಲ್ಲಿ ಅರ್ಧದಷ್ಟೇ ಇಳಿದಿದೆ, ಮೊದಲಿನ ಮಟ್ಟಕ್ಕೆ ಬಂದಿಲ್ಲ.

ಮಾಲೂರು ಫೈರ್‌ಮನ್
ಉಳಿದರ್ಧ ನಾನು ಹೇಳಿದ್ದು. ಹೊಗೆ 22 ಡಿಗ್ರಿ ಇಳಿದರೆ ಉಳಿತಾಯ ನೂರಕ್ಕೆ ಒಂದು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 320ರಿಂದ 235ಕ್ಕೆ ಇಳಿದ ನಿಮ್ಮ 85 ಡಿಗ್ರಿಗೆ ಸಿಗುವುದು ನಾಲ್ಕಕ್ಕಿಂತ ಕಡಿಮೆ. ಹಾಗಾದರೆ ಇಷ್ಟು ಇಳಿದದ್ದಾದರೂ ಹೇಗೆ? ಸೌದೆ ಈಚೆಗೆ ಇನ್ನಷ್ಟು ಒಣಗಿದೆ.

ವಸಂತನರಸಾಪುರ ಮೇಂಟೆನೆನ್ಸ್
ನೂರಕ್ಕೆ 14ರಷ್ಟು ತೂಕ ಕಳೆದುಕೊಂಡ ಸೌದೆಯ ಮೇಲೆ ಇನ್ನೂ ಆರೋಪ ಹೊರಿಸುವುದು ನ್ಯಾಯವಲ್ಲ. ಆ 22 ಡಿಗ್ರಿಯ ಲೆಕ್ಕ ಗಾಳಿ ಹದವಾಗಿದ್ದಾಗ ಮಾತ್ರ ನಿಲ್ಲುತ್ತದೆ. ಸೌದೆ ಬೆಂಕಿಯ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 12ರ ಸುಮಾರಿಗೆ ಇರಬೇಕು. ಅದು 6ಕ್ಕೆ ಇಳಿದಿದ್ದರೆ ಗಾಳಿ ಹೆಚ್ಚು ಕಡಿಮೆ ಎರಡು ಪಟ್ಟು ಹೋಗುತ್ತಿದೆಯೆಂದರ್ಥ, ಪ್ರತಿ ಡಿಗ್ರಿಯ ನಷ್ಟವೂ ಎರಡು ಪಟ್ಟಾಗುತ್ತದೆ. ಒತ್ತಡ ಏರದಿದ್ದಾಗ ನಿಮ್ಮ ಹುಡುಗ ಗಾಳಿಯ ಹರಿವನ್ನು ಹಿಡಿದಿಡುವ ಡ್ಯಾಂಪರನ್ನು ಪೂರ್ತಿ ತೆರೆದು, ಬಾಗಿಲು ತೆರೆದೇ ಇಟ್ಟು, ಸೌದೆ ತುರುಕುವ ಅಭ್ಯಾಸ ಮಾಡಿಕೊಂಡಿರುತ್ತಾನೆ. ಹಕ್ಕಳೆ ಹೋದರೂ ಆ ಅಭ್ಯಾಸ ಉಳಿದಿರುತ್ತದೆ. ಸೌದೆ ಹಾಕಿದಾಗ ಕಪ್ಪು ಹೊಗೆ ಬಂದು ಆಮೇಲೆ ಏನೂ ಕಾಣದಿರುವುದು ಒಮ್ಮೆಲೇ ಹೆಚ್ಚು ತುಂಬುವುದರ ಲಕ್ಷಣ. ಕಡಿಮೆ ಸೌದೆಯನ್ನು ಹೆಚ್ಚು ಸಲ ಹಾಕಿಸಿ. ಬಾಗಿಲು ಮುಚ್ಚಿಸಿ ಡ್ಯಾಂಪರನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗಿ, ತುಂಬಿದ ಮೇಲೂ ಹೊಗೆ ಕಪ್ಪಾಗಿಯೇ ಉಳಿಯತೊಡಗಿದರೆ ಅಲ್ಲಿಂದ ಒಂದು ಗೆರೆ ಹಿಂದಕ್ಕೆ ತೆಗೆದು ನಿಲ್ಲಿಸಿ.

ತಿಪಟೂರು ಕೊಬ್ಬರಿ
ಎಕನಾಮೈಸರ್ ಬೇಡವಾದರೆ ಕಂಡೆನ್ಸೇಟನ್ನಾದರೂ ಹಿಡಿಯಿರಿ. ತೊಟ್ಟಿಯ ನೀರಿಗೆ ನೇರ ಬಿಡುವ ಹಬೆ ಮರಳುವುದಿಲ್ಲ, ನಿಜ. ಆದರೆ ನೂಲನ್ನು ಮತ್ತೆ ಸುತ್ತುವ ರೀ-ರೀಲಿಂಗ್ ಪೆಟ್ಟಿಗೆಯ ಹಬೆ ಕೊಳವೆಗಳಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತಿದೆ?

ಶಿಡ್ಲಘಟ್ಟ ರೀಲರ್
ಚರಂಡಿಗೆ. ಅಲ್ಲಿ ಹಬೆ ತಡೆದು ನೀರು ಮಾತ್ರ ಬಿಡುವ ಟ್ರ್ಯಾಪ್ ಕೆಟ್ಟ ಮೇಲೆ ಅದರ ಬದಲು ಸಣ್ಣ ವಾಲ್ವೊಂದನ್ನು ಹಾಕಿ ಸ್ವಲ್ಪ ತೆರೆದಿಟ್ಟಿದ್ದೇವೆ.

ಕೋಲಾರ ವಾಟರ್ ಲ್ಯಾಬ್
ಹಾಗಾದರೆ ಅಲ್ಲಿ ನೀರಿನ ಜೊತೆಗೆ ಹಬೆಯೂ ದಿನವಿಡೀ ಹೋಗುತ್ತಿದೆ. ಮೊದಲು ಟ್ರ್ಯಾಪ್ ಹಾಕಿಸಿ. ಆಮೇಲೆ ಆ ನೀರನ್ನು ಫೀಡ್ ಟ್ಯಾಂಕಿಗೆ ತನ್ನಿ: ಫೀಡ್ ನೀರು ಆರು ಡಿಗ್ರಿ ಬೆಚ್ಚಗಾದರೆ ಸೌದೆಯಲ್ಲಿ ನೂರಕ್ಕೆ ಒಂದು ಉಳಿಯುತ್ತದೆ, 25ರಿಂದ 60ಕ್ಕೆ ಏರಿದರೆ ಐದೂವರೆಯಷ್ಟು. ಅದು ಭಟ್ಟಿ ಇಳಿಸಿದಷ್ಟೇ ಶುದ್ಧವಾದ ನೀರಾದ್ದರಿಂದ ಸಾಫ್ಟ್‌ನರಿನ ಹೊರೆಯೂ ಇಳಿಯುತ್ತದೆ.

ಶಿಡ್ಲಘಟ್ಟ ರೀಲರ್
ಟ್ರ್ಯಾಪ್ ತರಿಸುತ್ತೇನೆ. ಫೀಡ್ ಟ್ಯಾಂಕ್ ಈಗ ನೆಲದ ಮೇಲಿದೆ, ಪಂಪು ಅದರ ಪಕ್ಕದಲ್ಲಿ. ಬಿಸಿನೀರು ಬಿಟ್ಟರೆ ಪಂಪು ಎಳೆಯುತ್ತದೆಯೇ?

ವಸಂತನರಸಾಪುರ ಮೇಂಟೆನೆನ್ಸ್
ಬಿಸಿ 70 ಡಿಗ್ರಿ ದಾಟುತ್ತಾ ಹೋದರೆ ಪಂಪಿನ ಬಾಯಿಯಲ್ಲೇ ನೀರು ಆವಿಯಾಗಿ ಪಂಪು ಬರಿದೇ ತಿರುಗುವ ಸಂಭವ ಹೆಚ್ಚು, ಬಾಯ್ಲರಿನಲ್ಲಿ ನೀರು ಇಳಿದರೆ ಅದು ಎಲ್ಲಕ್ಕಿಂತ ದೊಡ್ಡ ಅಪಾಯ. ಟ್ಯಾಂಕನ್ನು ಪಂಪಿಗಿಂತ ಎರಡು ಮೀಟರಿನಷ್ಟು ಎತ್ತರದ ಕಟ್ಟೆಯ ಮೇಲೆ ಏರಿಸಿ. ಪಂಪಿನ ನಾಮಫಲಕದ ಚಿತ್ರ ಹಾಕಿದರೆ ಅದರ ಸೀಲು ಎಷ್ಟು ಬಿಸಿ ತಾಳುತ್ತದೆಂದು ನೋಡಿ ಹೇಳಬಹುದು.

ಮಾಲೂರು ಫೈರ್‌ಮನ್
ಚಿತ್ರ ಹಾಕುವಾಗ ಸೌದೆ ಒಟ್ಟಿರುವ ಜಾಗದ್ದನ್ನೂ ಹಾಕಿ.