ಸಹಾಯ ಬೇಕು: ಏರಿಯ ಎತ್ತರಕ್ಕೆ ಕಟಾಫ್ ಟ್ರೆಂಚ್ (ಸೋರಿಕೆ ತಡೆಯಲು ಏರಿಯಡಿ ತೋಡಿ ತುಂಬಿದ ಕಂದಕ) ಸೇರುತ್ತಾ?

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ವ್ಯಾಖ್ಯೆಯಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. ಹಳೇ ಮಣ್ಣಿನ ಏರಿ, ಉದ್ದ 640 ಮೀಟರ್, ಸಾಮರ್ಥ್ಯ 14 ಲಕ್ಷ ಘನ ಮೀಟರ್. 10ರಿಂದ 15 ಮೀಟರ್ ಎತ್ತರದ ಅಣೆಕಟ್ಟಾದರೆ 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್, ಯಾವುದಾದರೂ ಒಂದಿದ್ದರೆ ಸಾಕು, ಕಾಯ್ದೆಯ ವ್ಯಾಪ್ತಿಗೆ ಬರುತ್ತೆ. ಇಲ್ಲಿ ಎರಡೂ ಇವೆ. ಜಗಳ ಇರೋದು ಎತ್ತರದ ಬಗ್ಗೆ ಮಾತ್ರ.

ಲೆವೆಲ್ ಹಿಡಿದು ನೋಡಿದ್ದಾಯ್ತು. ಕೆಳಗಿನ ಪಾದದ ನೆಲದಿಂದ ಏರಿ ತಲೆಗೆ 8.6 ಮೀಟರ್. ಪಾದದಾಚೆ ಗುಂಡಿ ತೋಡಿದಾಗ ಮೇಲ್ಮಣ್ಣು ತೆಗೆದು ಕೂರಿಸಿದ ತಳ ಸಿಕ್ಕಿತು, ಅಲ್ಲಿಂದ 9.3. ಹಳೇ ನಕ್ಷೆಯ ಕಟಾಫ್ ಟ್ರೆಂಚ್ ತಳದಿಂದ ಅಳೆದರೆ 11.8! ಟ್ರೆಂಚ್ ತಳ ಖಚಿತವಾಗಲು ಏರಿ ಮಧ್ಯೆ ಬೋರ್ ಹಾಕಿ ನೋಡಿ ಅಂತ ಸಲಹೆ ಬಂತು, ಬೇಡ ಅಂದೆವು. ಕೆರೆ ತುಂಬಿರುವಾಗ ಒತ್ತಡದ ನೀರು ಹಾಯಿಸಿ ಕೊರೆದರೆ ಮಣ್ಣು ಸೀಳಿ ಸೋರಿಕೆಗೆ ದಾರಿಯಾಗುತ್ತೆ.

ಕಾಯ್ದೆ ಹೇಳೋದು "ಸಾಮಾನ್ಯ ತಳಪಾಯ ಪ್ರದೇಶದ ಅತಿ ತಗ್ಗಿನ ಭಾಗ"ದಿಂದ. ಟ್ರೆಂಚ್ ಏರಿಯ ಉದ್ದಕ್ಕೂ ಇದೆ, ಆದರೆ ಅಗಲ ಬರೀ 3 ಮೀಟರ್. ಅದು "ಸಾಮಾನ್ಯ ಪ್ರದೇಶ"ವೋ, ಬರೀ ಸೋರಿಕೆ ತಡೆಯೋ ಕಂದಕವೋ? ಟ್ರೆಂಚ್ ಎತ್ತರಕ್ಕೆ ಸೇರಿದರೆ ಮುಂಗಾರಿಗೆ ಮುಂಚೆ, ನಂತರದ ತಪಾಸಣೆ ಜತೆಗೆ ತುರ್ತು ಕ್ರಿಯಾ ಯೋಜನೆ, ಸ್ವತಂತ್ರ ತಜ್ಞರಿಂದ ಮೊದಲ ಸಮಗ್ರ ಮೌಲ್ಯಮಾಪನ ಎರಡೂ ಬೇಕು. ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ 30ಕ್ಕೆ, ಗಡುವು ಅಲ್ಲಿಂದ ಐದೇ ವರ್ಷ.

ನಿಮ್ಮಲ್ಲಿ ಇಂಥ ಏರಿಯ ಎತ್ತರ ನಮೂದಿಸುವಾಗ ಯಾವ ತಳ ಹಿಡಿದಿರಿ, 9.3 ಥರದ್ದೋ 11.8 ಥರದ್ದೋ? ರಾಜ್ಯ ಅಣೆಕಟ್ಟು ಸುರಕ್ಷತಾ ಸಂಸ್ಥೆ ಅದನ್ನು ಒಪ್ಪಿತಾ?