ಗೋವಿನಜೋಳದ ಸೈನಿಕ ಹುಳು: ಮೊಬೈಲ್‌ನಲ್ಲಿ ಸಮಗ್ರ ಕೀಟ ನಿರ್ವಹಣೆ ಕಲಿಸೋದು ಹೇಗೆ?

ಹಾವೇರಿ_ಹೊಲ: ವಾಟ್ಸ್ಆ್ಯಪ್ ಗುಂಪಿನಲ್ಲಿ 60 ರೈತರಿಗೆ ತರಬೇತಿ ನಡೆದಿದೆ. ವಿಡಿಯೊ ನೋಡ್ತಾರೆ, ಹೊಲದಲ್ಲಿ ಹಾನಿಯಾದ ಗಿಡಗಳ ಎಣಿಕೆ ಮಾಡಲ್ಲ. ಕಳಿಸೋ ಫೋಟೊದಲ್ಲಿ ಹುಳು ಯಾವುದಂತ ತಿಳಿಯಲ್ಲ. ಏನು ಮಾಡಬಹುದು?

ಕೀಟಮಿತ್ರ: ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತೆ, ಹುಳುವಿನ ಮೈಮೇಲಿನ ಚುಕ್ಕೆಗಳು ಅಳಿಸಿಹೋಗ್ತವೆ. 'ಡಾಕ್ಯುಮೆಂಟ್' ಆಗಿ ಕಳಿಸೋಕೆ ಹೇಳಿ. ಹುಳುವನ್ನು ಬಿಳಿ ಹಾಳೆ ಮೇಲಿಟ್ಟು ಎರಡು ಫೋಟೊ ಸಾಕು: ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು, ಬಾಲದ ಹತ್ತಿರ ಚೌಕದಂತೆ 4 ಕಪ್ಪು ಚುಕ್ಕೆ. ತೀರ ಸಣ್ಣ ಮರಿಹುಳುವಿನಲ್ಲಿ ಇವು ಸ್ಪಷ್ಟ ಕಾಣಲ್ಲ, ಆಗ ಎಲೆಯ ಮೇಲಿನ ಕೆರೆದ ಬಿಳಿ ಕಲೆ ನೋಡಿ.

ಸುಳಿ_ನೋಡಿ: ಪಾಠವನ್ನು ಬೆಳೆಯ ವಯಸ್ಸಿಗೆ ಹೊಂದಿಸಿ. ಬಿತ್ತಿದ ದಿನಾಂಕದ ಮೇಲೆ ಗುಂಪು ಒಡೆಯಿರಿ, ಇಲ್ಲದಿದ್ದರೆ ತೆನೆ ಬಂದವರಿಗೆ ಸಸಿ ಹಂತದ ಪಾಠ ಹೋಗುತ್ತೆ. 3 ನಿಮಿಷದ ವಿಡಿಯೊ, ಕೊನೆಗೆ ಒಂದೇ ಕೆಲಸ: ಹೊಲದ 5 ಕಡೆ ತಲಾ 20 ಗಿಡ ನೋಡಿ, ಹಾನಿಯಾದ ಗಿಡಗಳ ಸಂಖ್ಯೆಯನ್ನು ಧ್ವನಿ ಸಂದೇಶದಲ್ಲಿ ಹೇಳೋದು. 100 ಗಿಡ ಆದ್ದರಿಂದ ಸಂಖ್ಯೆಯೇ ಶೇಕಡಾವಾರು. ಸಸಿ ಹಂತದಲ್ಲಿ 5 ದಾಟಿದರೆ 1500 ಪಿಪಿಎಂ (ಸತ್ವದ ಪ್ರಮಾಣ, ಡಬ್ಬಿ ಮೇಲೆ ಇರುತ್ತೆ) ಬೇವಿನ ಔಷಧಿ, ಲೀಟರ್ ನೀರಿಗೆ 5 ಮಿ.ಲೀ.

ಕೀಟಮಿತ್ರ: ಸಿಂಪರಣೆ ವಿಡಿಯೊದಲ್ಲಿ ನಾಜಲ್ ಸುಳಿಯತ್ತ (ಗಿಡದ ನಡುವಿನ ಎಳೆ ಎಲೆಗಳತ್ತ) ಇರೋದನ್ನು ಹತ್ತಿರದಿಂದ ತೋರಿಸಿ. ಹುಳು ಸುಳಿಯೊಳಗೆ ತನ್ನ ಹಿಕ್ಕೆಯ ಕೆಳಗೆ ಅಡಗಿರುತ್ತೆ. ಬರೀ ಹೊರಗಿನ ಎಲೆ ತೋಯಿಸಿದರೆ ಔಷಧಿ ವ್ಯರ್ಥ. ಸಂಜೆ ಹೊತ್ತು ಹೊಡೆಯೋದು ಒಳ್ಳೇದು.