ಮುಳುಗಡೆ ನೋಟಿಸ್ ಹುಡುಕುವ ಪುಟ ಮಾಡಿದ್ದೇನೆ, ಅದರಲ್ಲಿ ರೈತರ ಹೆಸರು ಹಾಕಲೋ ಬೇಡವೋ?

ನವನಗರದವ

ನಮಸ್ಕಾರ. ನಾನು ಬಾಗಲಕೋಟೆ ನವನಗರದವನು, ವೆಬ್ ಡೆವಲಪರ್. ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ನಮ್ಮ ಅಜ್ಜನ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಹಿನ್ನೀರಿಗೆ ಹೋಯಿತು. ‘ಮುಳುಗಡೆ’ ಅನ್ನುವ ಮಾತು ಕೇಳುತ್ತಲೇ ಬೆಳೆದವನು ನಾನು.

ಈಗ ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನೂ ಎಷ್ಟೋ ಊರಿನ ಹೊಲ ಹೋಗುತ್ತವೆ. ಎರಡು ವರ್ಷದಿಂದ ಭಾನುವಾರ ಸಂತ್ರಸ್ತರ ಸಂಘದವರ ಜೊತೆ ಊರೂರು ತಿರುಗುತ್ತಿದ್ದೇನೆ. ತಮ್ಮ ಹೊಲ ಸ್ವಾಧೀನದ ಪಟ್ಟಿಯಲ್ಲಿದೆಯೋ ಇಲ್ಲವೋ ಅಂತಲೇ ಬಹಳ ಜನರಿಗೆ ಗೊತ್ತಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ 11(1) ಅಧಿಸೂಚನೆ (ಸ್ವಾಧೀನದ ಮೊದಲ ನೋಟಿಸ್) ಪ್ರಕಟವಾದ 60 ದಿನದೊಳಗೆ ತಕರಾರು ಅರ್ಜಿ ಕೊಡಬೇಕು. ಗೊತ್ತಾಗುವಷ್ಟರಲ್ಲಿ ಆ ದಿನ ಮುಗಿದಿರುತ್ತವೆ.

ಈ ನೋಟಿಸನ್ನು ಸರ್ಕಾರ ವೆಬ್‌ಸೈಟಿನಲ್ಲೂ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಹಾಕುತ್ತಾರೆ. ಆದರೆ ನನಗೆ ಸಿಕ್ಕ ಪಿಡಿಎಫ್‌ಗಳಲ್ಲಿ ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಉಳಿದವು ಹಳೇ ನುಡಿ ಫಾಂಟಿನವು, ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ನುಡಿಯನ್ನು ಯೂನಿಕೋಡ್ ಮಾಡಿಕೊಂಡೆ. ಸ್ಕ್ಯಾನ್ ಇದ್ದವನ್ನು ಚಿತ್ರದಿಂದ ಅಕ್ಷರ ಓದುವ ಒಸಿಆರ್‌ಗೆ ಕೊಟ್ಟರೆ ೬ ಇದ್ದಲ್ಲಿ ೯ ಬಂತು. ಒಂದು ಅಂಕಿ ತಪ್ಪಿದರೆ ಅದು ಬೇರೆಯವರ ಹೊಲ. ಹಾಗಾಗಿ ಅವನ್ನೆಲ್ಲ ಕೈಯಿಂದಲೇ ಟೈಪ್ ಮಾಡಿದೆವು. ಒಬ್ಬರು ಓದುವುದು, ಇನ್ನೊಬ್ಬರು ತಾಳೆ ನೋಡುವುದು.

ಹೋದ ತಿಂಗಳು ಬೀಳಗಿ ತಾಲ್ಲೂಕಿನ ಒಂದು ಊರಲ್ಲಿ ಕಾಕಾ ಒಬ್ಬರು ಕ್ಯಾರಿಬ್ಯಾಗಿನಿಂದ ಉತಾರ (ಪಹಣಿ) ತೆಗೆದರು. ಮಡಚಿ ಮಡಚಿ, ಮಡಿಕೆ ಬಿದ್ದ ಜಾಗದಲ್ಲಿ ಹಿಸ್ಸಾ ನಂಬರೇ (ಸರ್ವೆ ನಂಬರಿನೊಳಗಿನ ಭಾಗದ ನಂಬರ್) ಅಳಿಸಿತ್ತು. ನಮ್ಮ ಪುಟದಲ್ಲಿ ಸರ್ವೆ ನಂಬರ್ ಹಾಕಿದೆ. ಮೂರು ಹಿಸ್ಸಾ ಬಂದವು. ಹೆಸರು ನೋಡಿಯೇ ಅವರದು ಯಾವುದು ಅಂತ ಗೊತ್ತಾಯಿತು. ತಕರಾರಿಗೆ ಇನ್ನು ಒಂಬತ್ತು ದಿನ ಇತ್ತು. ‘ತಮ್ಮಾ, ಇದನ್ನ ನನಗ ಯಾರೂ ಹೇಳಿರ್ಲಿಲ್ಲ’ ಅಂದರು. ಮರುದಿನವೇ ಅರ್ಜಿ ಕೊಟ್ಟರು.

ಅದಾಗಿ ಒಂದು ವಾರಕ್ಕೆ ಯಾರೋ ಫೋನ್ ಮಾಡಿದರು. ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟರೆ ದುಡ್ಡು ಕೊಡುತ್ತಾರಂತೆ. ಪರಿಹಾರ ಕೊಡಿಸುತ್ತೇವೆ ಅಂತ ಪರ್ಸೆಂಟೇಜ್ ತಿನ್ನುವ ದಲ್ಲಾಳಿಗಳು ಅಂತ ಆಮೇಲೆ ಗೊತ್ತಾಯಿತು. ಅವತ್ತು ರಾತ್ರಿಯೇ ಪುಟ ಮುಚ್ಚಿದೆ. ಹೆಸರು ತೆಗೆದರೆ ಕಾಕಾನಂಥವರಿಗೆ ಉಪಯೋಗವಿಲ್ಲ. ಇಟ್ಟರೆ ದಲ್ಲಾಳಿಗೆ ನಾನೇ ದಾರಿ ತೋರಿಸಿದಂತೆ. ಏನು ಮಾಡಲಿ?

ಜಮಖಂಡಿ ಕೋರ್ಟ್ ರಸ್ತೆ

ವಕೀಲರ ಹತ್ತಿರ ಗುಮಾಸ್ತನಾಗಿದ್ದೇನೆ. ದಲ್ಲಾಳಿಗಳ ವಿಷಯ ನೀವು ಹೇಳಿದ್ದು ನಿಜ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ (ಮಳೆಯಾಶ್ರಿತ ಜಮೀನಿಗೆ) 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ ಮೇಲೆ ಅವರ ಓಡಾಟ ಜಾಸ್ತಿ ಆಗಿದೆ.

ಹೆಸರಿನ ಜೊತೆ ಇನ್ನೊಂದನ್ನೂ ನೋಡಿ. ಪಟ್ಟಿಯಲ್ಲಿ ಜಮೀನಿನ ನಮೂನೆ ಇದ್ದರೆ ಅದನ್ನು ದೊಡ್ಡದಾಗಿ ತೋರಿಸಿ. ಬೋರ್ ಹಾಕಿಸಿ ಹತ್ತು ವರ್ಷದಿಂದ ಕಬ್ಬು ಬೆಳೆಯುತ್ತಿರುತ್ತಾರೆ, ಉತಾರದಲ್ಲಿ ಮಾತ್ರ ಇನ್ನೂ ಖುಷ್ಕಿ ಅಂತಲೇ ಇರುತ್ತದೆ. ಎಕರೆಗೆ 10 ಲಕ್ಷದ ಮಾತು ಅದು. ಈಗಲೇ ಗೊತ್ತಾದರೆ ತಲಾಟಿ (ಗ್ರಾಮ ಆಡಳಿತಾಧಿಕಾರಿ) ಹತ್ತಿರ ಹೋಗಿ ದಾಖಲೆ ಕೇಳಬಹುದು. ತಕರಾರಿನ ಕೊನೇ ತಾರೀಖನ್ನು ನೀವೇ ಲೆಕ್ಕ ಹಾಕಿ ಬರೆಯಿರಿ. ‘ಪ್ರಕಟವಾದ 60 ದಿನ’ ಅಂದರೆ ಯಾವ ದಿನದಿಂದ ಎಣಿಸಬೇಕು ಅಂತ ಜನ ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಬೇರೆ ಬೇರೆ ಕಡೆ ಬೇರೆ ದಿನ ಪ್ರಕಟವಾಗಿದ್ದರೆ ಎಲ್ಲಕ್ಕಿಂತ ಮೊದಲಿನ ದಿನ ಹಿಡಿಯಿರಿ, ತಪ್ಪಾದರೂ ರೈತನಿಗೆ ನಷ್ಟವಿಲ್ಲ.

ವಿಜಯಪುರ ಕೋಡಿಂಗ್

ಅಣ್ಣಾ, ನಾನೂ ಇದೇ ಕೆಲಸದವನು. ಪಟ್ಟಿಯನ್ನು ಪೂರ್ತಿ ತೋರಿಸುವ ಪುಟವೇ ಬೇಡ. ಊರು, ಸರ್ವೆ ನಂಬರ್ ಎರಡೂ ಹಾಕಿದರೆ ಮಾತ್ರ ಅದೊಂದೇ ಬರಲಿ. ಹೆಸರಿನಿಂದ ಹುಡುಕುವುದನ್ನು ತೆಗೆದುಬಿಡಿ. ಒಂದು ಫೋನಿನಿಂದ ದಿನಕ್ಕೆ ಇಷ್ಟೇ ಸಲ ಅಂತ ಮಿತಿ ಇಡಿ. ಡೇಟಾ ಫೈಲನ್ನು ಬ್ರೌಸರಿಗೆ ಕಳಿಸಲೇಬೇಡಿ, ಸರ್ವರಿನಲ್ಲೇ ಇರಲಿ. ಯಾರು ಏನು ಹುಡುಕಿದರು ಅಂತ ಉಳಿಸಿಕೊಳ್ಳಬೇಡಿ, ಫೋನ್ ನಂಬರ್ ಕೇಳಬೇಡಿ.

ಹೆಸರು ತೋರಿಸುವ ಬದಲು, ಅವರೇ ತಮ್ಮ ಹೆಸರು ಟೈಪ್ ಮಾಡಲಿ. ‘ಇದೆ’ ಅಥವಾ ‘ಇಲ್ಲ’ ಅಂತ ಮಾತ್ರ ಉತ್ತರ ಬರಲಿ. ಹೀಗೆ ಮಾಡಬಹುದಲ್ವಾ?

ಬೀಳಗಿ ತಾಲ್ಲೂಕಿನವಳು

ಇದೆ-ಇಲ್ಲ ಬೇಡ ತಮ್ಮಾ. ನನ್ನ ಹೆಸರು ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಯಲ್ಲವ್ವ ಅಂತ ಒಬ್ಬರು ಬರೆದರೆ ಎಲ್ಲವ್ವ ಅಂತ ಇನ್ನೊಬ್ಬರು ಬರೆಯುತ್ತಾರೆ. ಕಂಪ್ಯೂಟರ್ ‘ಇಲ್ಲ’ ಅಂದರೆ ಹೆದರಿ ದಲ್ಲಾಳಿ ಹತ್ತಿರವೇ ಓಡುತ್ತಾರೆ.

ಇನ್ನೊಂದು ಮಾತು. ಅಪ್ಪ ತೀರಿದ ಮೇಲೆ ವಾರಸಾ ಮಾಡುವಾಗ ನಮ್ಮಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಏರಿಸಿದ್ದರು. ನನ್ನ ಸಹಿಯನ್ನೂ ಯಾರೂ ಕೇಳಲಿಲ್ಲ. ನೋಟಿಸಿನಲ್ಲಿ ಮೂರು ಗಂಡು ಹೆಸರು ನೋಡಿದಾಗಲೇ ನನಗೆ ಗೊತ್ತಾದದ್ದು. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲೇ ಕಾನೂನು ತಿದ್ದುಪಡಿ ಆಗಿದೆ. ಹಣ ಹಂಚಿದ ಮೇಲೆ ಕೇಳುವುದಕ್ಕೂ ಮೊದಲೇ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೊಲ ಯಾವುದು ಅಂತ ಗೊತ್ತಿರುವ ಮಗಳಿಗೆ ಅದರ ಹೆಸರುಗಳು ಕಾಣಲೇಬೇಕು. ದಯವಿಟ್ಟು ತೆಗೆಯಬೇಡಿ.

ನವನಗರದವ

ಅಕ್ಕಾ, ನೀವು ಹೇಳಿದ್ದು ನನ್ನ ತಲೆಗೇ ಹೊಳೆದಿರಲಿಲ್ಲ. ದಲ್ಲಾಳಿ ಒಬ್ಬನೇ ಕಣ್ಣಮುಂದೆ ಇದ್ದ.

ಹೀಗೆ ಮಾಡಿದ್ದೇನೆ. ಊರು ಮತ್ತು ಸರ್ವೆ ನಂಬರ್ ಹಾಕಿದರೆ ಅದರ ಹಿಸ್ಸಾಗಳು, ಹೆಸರುಗಳು, ನೋಟಿಸಿನಲ್ಲಿದ್ದರೆ ನೀರಾವರಿಯೋ ಖುಷ್ಕಿಯೋ ಅನ್ನುವುದು, ತಕರಾರಿನ ಕೊನೇ ತಾರೀಖು ಬರುತ್ತವೆ. ಕೆಳಗೆ ‘ಮಗಳ ಹೆಸರು ಬಿಟ್ಟಿದ್ದರೆ’ ಅಂತ ನಾಲ್ಕು ಸಾಲು ಇದೆ. ಹೆಸರಿನಿಂದ ಹುಡುಕಲು ಆಗುವುದಿಲ್ಲ, ದಿನದ ಮಿತಿಯೂ ಇದೆ. ಪಟ್ಟುಹಿಡಿದ ದಲ್ಲಾಳಿಯನ್ನು ಇದು ಪೂರ್ತಿ ತಡೆಯಲ್ಲ ಅಂತ ಗೊತ್ತು. ಆದರೆ ಇಡೀ ಊರಿನ ಪಟ್ಟಿ ಒಂದೇ ಏಟಿಗೆ ಸಿಗಲ್ಲ. ಪಂಚಾಯ್ತಿ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಸರ್ವೆ ನಂಬರ್, ತಾರೀಖು ಮಾತ್ರ.

ಗುಮಾಸ್ತರೇ, ಆ ನಾಲ್ಕು ಸಾಲನ್ನು ಒಮ್ಮೆ ಓದಿ ತಪ್ಪಿದ್ದರೆ ತಿದ್ದುತ್ತೀರಾ? ಟೈಪ್ ಮಾಡಿದ್ದನ್ನು ತಾಳೆ ನೋಡಲು ಇನ್ನೂ ಇಬ್ಬರು ಬೇಕು. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನವನಗರದಲ್ಲೇ ಕೂರುತ್ತೇವೆ. ಉತಾರ ಓದಲು ಬಂದರೆ ಸಾಕು, ಕಂಪ್ಯೂಟರ್ ಬರದಿದ್ದರೂ ನಡೆಯುತ್ತದೆ.